ಕೂಡದು

ತಾಂಪೆರೆಯಲ್ಲಿ ನವೆಂಬರು. ಮಧ್ಯಾಹ್ನ ಮೂರಕ್ಕೇ ದೀಪ.
ಕಿಟಕಿಯಾಚೆ ಹಳೆಯ ಬಟ್ಟೆ ಗಿರಣಿಯ ಇಟ್ಟಿಗೆ ಗೋಡೆ,
ಅದರ ಬುಡದಲ್ಲಿ ಹೆಪ್ಪುಗಟ್ಟಲು ಒಪ್ಪದ ಹೊಳೆ.
ಒಳಗೆ ಹದಿನೇಳು ಜನ, ಎರಡು ಫ್ಲಾಸ್ಕು ಕಾಫಿ,
ಏಲಕ್ಕಿ ಹಾಕಿದ ಬನ್ನು,
ಮತ್ತು ಕಲಂ ಐದು, ಉಪಕಲಂ ಎರಡು:
ಹಾಲುಣಿಸುವ ನಳಿಕೆ ರಕ್ತನಾಳದ ನಳಿಕೆಗೆ
ಕೂಡದು.

ಅಪ್ಪಣೆಯೂ ಅದೇ ಮಾತು, ಆಕಾರವೂ ಅದೇ ಮಾತು.

ನಾನು ಕಾರ್ಯದರ್ಶಿ. ಬರೆದುಕೊಳ್ಳುವುದು ಕೆಲಸ.
ಮಿಕ್ಕ ಸಮಿತಿಗಳು ಇದಕ್ಕೆ ಅದು ಕೂಡಲಿ ಎಂದು
ತಲೆ ಕೆಡಿಸಿಕೊಂಡವು:
ಬೋಲ್ಟಿಗೆ ನಟ್ಟು, ಹೋಲ್ಡರಿಗೆ ಬಲ್ಬು, ಹಳಿಗೆ ಗಾಲಿ.
ನಮ್ಮದು ತಿರುಗುಮುರುಗು.
ಒತ್ತಿದರೂ, ತಿರುಚಿದರೂ, ನಿದ್ದೆಗಣ್ಣಲ್ಲಿ
ಕೈ ಎಷ್ಟೇ ತಪ್ಪಿದರೂ
ಕೂಡಬಾರದ್ದು ಕೂಡಬಾರದು.

ಖರ್ಚಿನ ಮಾತು ಕೇಳುತ್ತೀರಿ. ಇಲ್ಲಿ ಯಾರಿಗೂ ಕೂಲಿಯಿಲ್ಲ.
ಡೀಟ್‌ಹೆಲ್ಮನ ವಿಮಾನಕ್ಕೆ ಅವನ ಕಂಪನಿ,
ಅವನ ಎಡಬಲದ ಇಬ್ಬರಿಗೂ ಅದೇ ಕಂಪನಿ;
ಒಸಾಕಾದ ಹಿರೊಟಾಕನಿಗೆ ಅಚ್ಚು ತಯಾರಕರ ಸಂಘ;
ಸಭಾಂಗಣಕ್ಕೆ ಸರ್ಕಾರ; ಬನ್ನಿಗೆ ನಾವು.
ನನ್ನ ಸಂಬಳ?
ನಾಳೆ ಅಚ್ಚಾಗುವ ಇಪ್ಪತ್ತೆಂಟು ಪುಟ
ನೂರಾ ನಲವತ್ತೆರಡು ಯೂರೋಗೆ ಮಾರಾಟವಾದರೆ ಉಂಟು.
ಬರೆದವರೂ ದುಡ್ಡು ಕೊಟ್ಟೇ ಕೊಳ್ಳಬೇಕು.
ನಗಬೇಡಿ. ಬೇರೆ ದಾರಿಯಿದ್ದರೆ ಹೇಳಿ,
ನಡಾವಳಿಯಲ್ಲಿ ಸೇರಿಸುತ್ತೇನೆ.

ಸಿರ್ಕಾ ಪೆಲ್ಟೊಮಾ ಬಂದದ್ದು ಬಸ್ಸಿನಲ್ಲಿ,
ಸವೊನ್‌ಲಿನ್ನದಿಂದ ಐದು ತಾಸು, ಸಂಬಳವಿಲ್ಲದ ರಜೆ ಹಾಕಿ.
ಎಳೆಗೂಸುಗಳ ವಾರ್ಡು. ಇಪ್ಪತ್ತೆರಡು ವರ್ಷ ರಾತ್ರಿಪಾಳಿ.
ಎರಡು ದಿನ ತುಟಿ ಬಿಚ್ಚದೆ ಕಾಲುಚೀಲ ಹೆಣೆದಳು.
ಮೂರನೆಯ ದಿನ, ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲಿಗೆ
ಜಗಳ ಹತ್ತಿಕೊಂಡಿತು.
ಹಳೆಯ ಅಚ್ಚು ತೆಗೆದು ಹೊಸದು ಕೊರೆಸಲು
ಐದು ವರ್ಷ ಬೇಕು, ಎಂದ ಡೀಟ್‌ಹೆಲ್ಮ್.
ಕೆಟ್ಟವನಲ್ಲ. ಅವನ ಲೆಕ್ಕದಲ್ಲಿ ನಾನೂರು ಕೆಲಸಗಾರರಿದ್ದರು.

ಸಿರ್ಕಾ ಹೆಣಿಗೆ ಕೆಳಗಿಟ್ಟು ಕರವಸ್ತ್ರ ಬಿಚ್ಚಿದಳು.
ಒಳಗೆ ಎರಡು ನಳಿಕೆ. ಅವನ ಕೈಗೆ ಕೊಟ್ಟು
'ಕಣ್ಣು ಮುಚ್ಚಿ' ಎಂದಳು.
ಮುಚ್ಚಿದ. ಬೆರಳು ತಾವಾಗಿ ತಿರುಗಿದವು.
ಟಿಕ್.

ಆ ಸದ್ದನ್ನು ನಡಾವಳಿಯಲ್ಲಿ ಹೇಗೆ ಬರೆಯುವುದೆಂದು
ಇವತ್ತಿಗೂ ತಿಳಿದಿಲ್ಲ.
ಯಾವ ಮಗು, ಯಾವ ವರ್ಷ, ಯಾರೂ ಕೇಳಲಿಲ್ಲ.
ಅವಳೂ ಹೇಳಲಿಲ್ಲ.
ಬರೆದೆ: ಬಳಕೆದಾರರ ಅಭಿಪ್ರಾಯವನ್ನು ಗಮನಿಸಲಾಯಿತು.

ಐದು ಮೂರಾಯಿತು. ಎರಡಾಗಲಿಲ್ಲ.
ನಮ್ಮಲ್ಲಿ ಕೈ ಎತ್ತಿಸಿ ಎಣಿಸುವುದಿಲ್ಲ,
ಒಪ್ಪದವರು ಸುಮ್ಮನಾಗುವ ತನಕ ಕಾಯುತ್ತೇವೆ.
'ಇರಬಹುದು' ಹೊಡೆದು 'ಇರತಕ್ಕದ್ದು' ಎಂದು ಬರೆಯಲು
ಇನ್ನೊಂದು ಮಧ್ಯಾಹ್ನ ಹೋಯಿತು.

ಪುಸ್ತಕ ಬಂತು. ಅವಳ ಆಸ್ಪತ್ರೆ ಕೊಳ್ಳಲಿಲ್ಲ.
'ನನ್ನದು ಯಾವ ಪುಟದಲ್ಲಿದೆ?' ಫೋನಿನಲ್ಲಿ ಕೇಳಿದಳು.
'ಹನ್ನೊಂದರಲ್ಲಿ. ಒಂದು ಅಂಕಿಯಾಗಿ.'
ಓದಿ ಹೇಳಿದೆ. ಹಾಗೆ ಓದಿ ಹೇಳುವಂತಿಲ್ಲವೆಂಬ
ನಿಯಮ ಇತ್ತೋ ಏನೋ, ಹುಡುಕಲು ಹೋಗಲಿಲ್ಲ.

ನಾಲ್ಕನೆಯ ಚಳಿಗಾಲ ಒಂದು ಕಾರ್ಡು:
'ನಿನ್ನೆ ರಾತ್ರಿ ಹೊಸ ಹುಡುಗಿ ತಪ್ಪು ನಳಿಕೆ ತಿರುಗಿಸಿದಳು.
ಕೂಡಲಿಲ್ಲ.
ಅಚ್ಚು ಮಾಡಿದವನನ್ನು ಬೈದುಕೊಂಡು
ಸರಿಯಾದದ್ದನ್ನು ತರಲು ಹೋದಳು.'

ವರ್ಷದ ಕೊನೆಗೆ ಲೆಕ್ಕಪತ್ರ ಮುಗಿಸುವಾಗ
ಕಡತದಿಂದ ಅವಳ ಬಸ್ ಟಿಕೆಟು ಜಾರಿ ಬೀಳುತ್ತದೆ,
ಹೋಗಿಬರಲು ಎಪ್ಪತ್ತೊಂದು ಯೂರೋ, ತುದಿ ಮಾಸಿದೆ.
ಯಾವ ಬಾಬ್ತಿನಲ್ಲಿ ಹಾಕಲಿ ಎಂದು
ಲೆಕ್ಕಿಗ ಪಾವೊನನ್ನು ಪ್ರತಿಸಲವೂ ಕೇಳುತ್ತೇನೆ.
ಅವನು ಕನ್ನಡಕ ಏರಿಸಿ ನೋಡಿ
ಪ್ರತಿಸಲವೂ ಅದನ್ನೇ ಹೇಳುತ್ತಾನೆ:
ಇದು ಲೆಕ್ಕಕ್ಕೆ ಕೂಡದು.